ಮೊದಲ ಮುಟ್ಟಿನ ದಿನ ಮಗಳಿಗೆ ಏನು ಹೇಳುತ್ತೀರಿ?

(ಸ್ತ್ರೀಶಕ್ತಿ ಸಂಘಗಳ ತಿಂಗಳ ಸಭೆಯೊಂದರಲ್ಲಿ ನಿವೃತ್ತ ಆರೋಗ್ಯ ಸಹಾಯಕಿಯೊಬ್ಬರು ಆಡಿದ ಮಾತಿನ ಬರಹರೂಪ)



ಸಾಲದ ಪುಸ್ತಕ ಮಡಿಚಿಟ್ಟು ನನ್ನ ಕಡೆ ತಿರುಗಿ ಕೂತಿದ್ದೀರಿ. ವರದಕ್ಷಿಣೆ ಬಗ್ಗೆ ಮಾತಾಡಿ ಎಂದು ನಿಮ್ಮ ಪ್ರತಿನಿಧಿ ಹೇಳಿಕಳಿಸಿದ್ದರು. ನಾನು ಮುಟ್ಟಿನ ಬಗ್ಗೆ ಮಾತಾಡುತ್ತೇನೆ ಎಂದೆ. "ಅದೇನಕ್ಕಾ, ಅದನ್ನ ಸಭೇಲಿ ಮಾತಾಡೋದು" ಅಂದರು. ಎರಡಕ್ಕೂ ನಂಟಿದೆ. ನನ್ನ ಮನೆಯ ಕತೆ ಹೇಳಿದರೆ ನಿಮಗೇ ಗೊತ್ತಾಗುತ್ತದೆ.

1977ರಲ್ಲಿ ನನಗೆ 12 ವರ್ಷ. ಕೆರೆಯಲ್ಲಿ ಎಮ್ಮೆ ಮೈ ತೊಳೆಯುತ್ತಿದ್ದೆ. ದಡಕ್ಕೆ ಬಂದು ಲಂಗ ಹಿಂಡಿದರೆ ರಕ್ತ. ಜಿಗಣೆ ಕಚ್ಚಿದೆ ಅಂದುಕೊಂಡೆ. ಕಾಲೆಲ್ಲ ಹುಡುಕಿದೆ, ಜಿಗಣೆ ಸಿಗಲಿಲ್ಲ. ಹಾಗಾದರೆ ಹೊಟ್ಟೆಯೊಳಕ್ಕೇ ಹೋಗಿದೆ, ಇನ್ನು ನಾನು ಬದುಕುವುದಿಲ್ಲ ಎಂದು ತೀರ್ಮಾನ ಮಾಡಿ, ಎರಡು ದಿನ ಯಾರಿಗೂ ಹೇಳದೆ ಹಟ್ಟಿಯ ಮೂಲೆಯಲ್ಲಿ ಮಲಗಿದೆ. ಅವ್ವ ಲಂಗ ನೋಡಿ ಆಡಿದ ಮೊದಲ ಮಾತು, "ಅಯ್ಯೋ, ಇಷ್ಟು ಬೇಗ ಆಗಿಬಿಟ್ಯಾ!" ಏನಾಯಿತು ಎಂದು ಹೇಳಲಿಲ್ಲ. ನಾನು ಏನೋ ತಪ್ಪು ಮಾಡಿದ್ದೇನೆ ಎಂದಷ್ಟೇ ನನಗೆ ಅರ್ಥವಾಯಿತು. ಅವ್ವ ಕೆಟ್ಟವಳಲ್ಲ. ಅವಳ ಅವ್ವ ಅವಳಿಗೂ ಏನೂ ಹೇಳಿರಲಿಲ್ಲ, ಅಷ್ಟೆ.

ಸೋದರಮಾವ ಬಂದು ಅಂಗಳದಲ್ಲಿ ಹಸಿ ಸೊಪ್ಪಿನ ಗುಡ್ಲು ಹಾಕಿದ. 9 ದಿನ ಅದರೊಳಗೆ ಕೂತೆ. ಬೇರೆ ತಟ್ಟೆ, ಬೇರೆ ಲೋಟ, ಬೇರೆ ಚಾಪೆ. ಚಿಗಳಿ, ಕೊಬ್ಬರಿ ಬೆಲ್ಲ, ಮೆಂತ್ಯದ ಮುದ್ದೆ, ತುಪ್ಪ ಕೊಟ್ಟರು. ಸಂಜೆ ಆದರೆ ಮುತ್ತೈದೆಯರು ಬಂದು ಆರತಿ ಎತ್ತಿ ಹಾಡುತ್ತಿದ್ದರು. ಸುಳ್ಳು ಯಾಕೆ ಹೇಳಲಿ, ನನಗೆ ಇಷ್ಟವಾಗಿತ್ತು. ಹೆಣ್ಣಾಗಿ ಹುಟ್ಟಿದ ಮೇಲೆ ಅಷ್ಟೊಂದು ಜನ ನನ್ನನ್ನು ವಿಚಾರಿಸಿಕೊಂಡದ್ದು ಅದೇ ಮೊದಲು. ಆದರೆ ನೀರು ಹಾಕಿ ಒಳಗೆ ಕರೆದುಕೊಂಡ ಮೇಲೆ ಅಪ್ಪ, "ಇಸ್ಕೂಲು ಸಾಕು" ಎಂದ. ನಮ್ಮ ಶಾಲೆಯ ಮೇಡಂ ಎರಡು ಸಲ ಮನೆಗೆ ಬಂದು ಜಗಲಿ ಮೇಲೆ ಕೂತು ಅಪ್ಪನ ಜೊತೆ ವಾದ ಮಾಡಿದ್ದರಿಂದ ನಾನು ಶಾಲೆಗೆ ವಾಪಸು ಹೋದೆ. ಆ ಮೇಡಂಗೆ ಮರುವರ್ಷ ವರ್ಗವಾಯಿತು.

ನನ್ನ ತಂಗಿ ಮೈನೆರೆದಾಗ ವಾದ ಮಾಡಲು ಯಾರೂ ಇರಲಿಲ್ಲ. ಅವಳಿಗೆ 13 ವರ್ಷ. ಅಪ್ಪ ಸಾಹುಕಾರರ ಹತ್ತಿರ ಸಾಲ ತಂದು ಒಸಗೆ ಮಾಡಿದ. ಆರತಿಗೆ ಬಂದಿದ್ದ ದೂರದ ನೆಂಟರೊಬ್ಬರು, "ಹುಡುಗಿ ಎಳೇದು, ಈಗಲೇ ಕೊಟ್ಟರೆ ಅವರೇನು ಜಾಸ್ತಿ ಕೇಳಾಕಿಲ್ಲ" ಎಂದು ಅಪ್ಪನ ಕಿವಿಯಲ್ಲಿ ಹೇಳಿದರು. ಒಸಗೆಯ ಸಾಲವೇ ತೀರದವನಿಗೆ ಅದು ಅಗ್ಗದ ಮಾತಾಗಿ ಕಂಡಿತು. 1981ರಲ್ಲಿ, ಅವಳಿಗೆ 14 ತುಂಬುವ ಮೊದಲೇ ಮದುವೆ. ಹೆಣ್ಣಿಗೆ 18 ಆಗಿರಬೇಕು ಎಂದು 1978ರಲ್ಲೇ ಕಾನೂನು ಬಂದಿತ್ತು. ನಮ್ಮ ಬೀದಿಗೆ ಅದು ಬಂದಿರಲಿಲ್ಲ.

ಜಾಸ್ತಿ ಕೇಳುವುದಿಲ್ಲ ಎಂದವರು ಮದುವೆಯಾದ ಮೇಲೆ ಕೇಳಿದರು. ಮೊದಲು ವಾಚು, ಆಮೇಲೆ ಪಂಪ್‌ಸೆಟ್ಟಿಗೆ ದುಡ್ಡು. ಮೊದಲ ಬಸಿರು 15ಕ್ಕೆ, ಆ ಕೂಸು ಉಳಿಯಲಿಲ್ಲ. ಬಾತ ಮುಖ ಹೊತ್ತು ಎರಡು ಸಲ ಬಂದಳು, ಎರಡು ಸಲವೂ ಅವ್ವ ಮಡಿಲಕ್ಕಿ ಕಟ್ಟಿ ವಾಪಸು ಕಳಿಸಿದಳು. ಮೂರನೇ ಸಲ ನಾನು ನರ್ಸ್ ತರಬೇತಿಯಿಂದ ರಜೆಗೆ ಬಂದಿದ್ದೆ, ಕಳಿಸಲು ಬಿಡಲಿಲ್ಲ. ಈಗ ಬಟ್ಟೆ ಹೊಲಿದುಕೊಂಡು ನನ್ನ ಜೊತೆಗೇ ಇದ್ದಾಳೆ. ಆರತಿ ಹಾಡು ಎಲ್ಲಾದರೂ ಕಿವಿಗೆ ಬಿದ್ದರೆ ಇವತ್ತಿಗೂ ಎದ್ದು ಒಳಗೆ ಹೋಗುತ್ತಾಳೆ.

ಅವಳ ಮದುವೆ ನಿಶ್ಚಯವಾದದ್ದು ಲಗ್ನಪತ್ರಿಕೆ ಬರೆದ ದಿನವಲ್ಲ, ಗುಡ್ಲು ಹಾಕಿದ ದಿನ. ಒಂದು ಹುಡುಗಿಯ ಮೈಯ ಸುದ್ದಿಯನ್ನು ಊರಿಗೆಲ್ಲ ಸಾರಿದೆವು. ಹೆಣ್ಣು ಹುಡುಕುವವರ ಕಿವಿಗೂ ಅದು ಬಿತ್ತು.

ಅದು ಹಳೇ ಕಾಲ ಅನ್ನಬೇಡಿ. ಈಗ ಸೊಪ್ಪಿನ ಗುಡ್ಲಿನ ಜಾಗಕ್ಕೆ ಶಾಮಿಯಾನ ಬಂದಿದೆ. ಬಸ್‌ಸ್ಟ್ಯಾಂಡಿನಲ್ಲಿ ಆ ಮಗುವಿನ ಫೋಟೋ ಹಾಕಿ ಫ್ಲೆಕ್ಸ್ ಕಟ್ಟುತ್ತಾರೆ. ನಿಮ್ಮ ಪುಸ್ತಕದಲ್ಲಿ "ಇತರೆ" ಎಂದು ಬರೆದ ಸಾಲಗಳಿವೆಯಲ್ಲ, ಅದರಲ್ಲಿ ಒಸಗೆಯವು ಎಷ್ಟು? ನಗುತ್ತಿದ್ದೀರಿ, ಅಂದರೆ ಇವೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ 20ರಿಂದ 24 ವರ್ಷದ ಹೆಂಗಸರನ್ನು ಕೇಳಿದಾಗ, ನೂರಕ್ಕೆ 21 ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ಐದು ಜನರಲ್ಲಿ ಒಬ್ಬಳು. 2017ರಿಂದ ಕರ್ನಾಟಕದ ತಿದ್ದುಪಡಿ ಕಾಯಿದೆ ಪ್ರಕಾರ ಅಂಥ ಮದುವೆ ಮದುವೆಯೇ ಅಲ್ಲ, ಮೊದಲಿನಿಂದಲೇ ಅಸಿಂಧು. 1098ಕ್ಕೆ ಫೋನ್ ಮಾಡಿದರೆ ತಡೆಯಲು ಬರುತ್ತಾರೆ. ಆದರೆ ಮಂಟಪ ಹಾಕಿದ ಮೇಲೆ ತಡೆಯುವುದು ಎಷ್ಟು ಕಷ್ಟ ಎಂದು ನಿಮ್ಮಲ್ಲಿ ಇಬ್ಬರಿಗಾದರೂ ಗೊತ್ತು.

ಅದಕ್ಕೇ ಮೊದಲ ದಿನದ ಬಗ್ಗೆ ಹೇಳುತ್ತೇನೆ. ನಿಜವಾಗಿ ಅದಕ್ಕೂ ಮೊದಲೇ ಶುರು ಮಾಡಬೇಕು. ಹೆಚ್ಚಿನ ಹುಡುಗಿಯರಿಗೆ 11ರಿಂದ 14ರೊಳಗೆ ಬರುತ್ತದೆ, ಕೆಲವರಿಗೆ 9ಕ್ಕೇ ಬರಬಹುದು. ಆದ್ದರಿಂದ ಮಗು ನಾಲ್ಕನೇ ಕ್ಲಾಸಿಗೆ ಬಂದಾಗಲೇ ಹೇಳಿ. ಎದೆ ಮೊಳೆಯಲು ಶುರುವಾದ ಎರಡು ಎರಡೂವರೆ ವರ್ಷಕ್ಕೆ ಸಾಮಾನ್ಯವಾಗಿ ಮುಟ್ಟು ಬರುತ್ತದೆ. ಅದಕ್ಕೆ ಕೆಲವು ತಿಂಗಳು ಮೊದಲು ಚಡ್ಡಿಯಲ್ಲಿ ಬಿಳಿ ನೀರಿನಂಥದ್ದು ಕಾಣುತ್ತದೆ. ವಾಸನೆ, ತುರಿಕೆ ಇಲ್ಲದಿದ್ದರೆ ಅದು ರೋಗವಲ್ಲ.

ಏನಂತ ಹೇಳುವುದು ಅನ್ನುತ್ತೀರಾ? "ಕಾಗೆ ಮುಟ್ಟಿದೆ" ಅನ್ನಬೇಡಿ. "ಕೆಟ್ಟ ರಕ್ತ ಹೋಗುತ್ತೆ" ಅನ್ನಲೂ ಬೇಡಿ. ಅದು ಕೆಟ್ಟ ರಕ್ತವಲ್ಲ. ಕೂಸು ಬಂದರೆ ಬೇಕಾಗುತ್ತದೆ ಎಂದು ಗರ್ಭಕೋಶ ಪ್ರತಿ ತಿಂಗಳು ಒಳಗೆ ಮೆತ್ತನೆಯ ಪದರ ಕಟ್ಟುತ್ತದೆ, ಕೂಸು ಬರದಿದ್ದಾಗ ಆ ಪದರ ಕಳಚಿ ರಕ್ತದ ಜೊತೆ ಹೊರಗೆ ಬರುತ್ತದೆ. ನೋಡಲು ಜಾಸ್ತಿ ಅನ್ನಿಸಿದರೂ ಒಂದು ಸಲಕ್ಕೆ ಹೋಗುವ ರಕ್ತ ಸಾಮಾನ್ಯವಾಗಿ ಕೆಲವು ದೊಡ್ಡ ಚಮಚದಷ್ಟೇ. ಇಷ್ಟು ಹೇಳಲು ಎರಡು ನಿಮಿಷ ಸಾಕು. ತಲೆ ಬಾಚುವಾಗ ಹೇಳಿ, ಆಗ ಮುಖ ನೋಡಿ ಮಾತಾಡುವ ಸಂಕೋಚ ಇರುವುದಿಲ್ಲ. ತಾಯಿಗೆ ನಾಚಿಕೆಯಾದರೆ ಚಿಕ್ಕಮ್ಮ ಹೇಳಲಿ, ಅತ್ತಿಗೆ ಹೇಳಲಿ. ತಾಯಿಯಿಲ್ಲದ ಹುಡುಗಿಯ ಅಪ್ಪನೊಬ್ಬ, ಲಾರಿ ಓಡಿಸುವವನು, ಉಪಕೇಂದ್ರದ ಬಾಗಿಲಲ್ಲಿ ಕಾಲು ಗಂಟೆ ನಿಂತು ಕೊನೆಗೆ, "ನರ್ಸಮ್ಮ, ನಂಗೇ ಹೇಳ್ಕೊಡಿ, ನಾನೇ ಅವಳಿಗೆ ಹೇಳ್ತೀನಿ" ಎಂದ. ಹೇಳಿಕೊಟ್ಟೆ. ಎಷ್ಟು ಜನ ಕಲಿತ ಗಂಡಸರಿಗಿಂತ ಅವನು ಮೇಲು.

ಆ ದಿನ ಬಂದಾಗ ಅವಳು ಕೇಳುವ ಮೊದಲ ಮಾತು ಹೆದರಿಸುವಂಥದ್ದು ಆಗಬಾರದು. "ಇನ್ನು ಗಂಡು ಹುಡುಗರ ಜೊತೆ ಮಾತಾಡಬೇಡ, ಕುಣಿಯಬೇಡ, ಗಟ್ಟಿಯಾಗಿ ನಗಬೇಡ" ಎಂದು ನಾವು ಒಂದೇ ಉಸಿರಿನಲ್ಲಿ ಹೇಳಿಬಿಡುತ್ತೇವೆ. ಅದರ ಬದಲು, "ಹೊಟ್ಟೆ ನೋಯ್ತಾ ಇದೆಯಾ? ಬಿಸಿನೀರು ಕಾಯಿಸ್ತೀನಿ, ನಾಳೆ ಇಸ್ಕೂಲಿಗೆ ಹೋಗೋವಂತೆ" ಅನ್ನಿ. ನೋವಿಗೆ ಬಿಸಿನೀರಿನ ಬಾಟಲನ್ನು ಬಟ್ಟೆಯಲ್ಲಿ ಸುತ್ತಿ ಕಿಬ್ಬೊಟ್ಟೆಗೆ ಇಡಬಹುದು. ಓಡಾಡಿದರೂ ಹಗುರಾಗುತ್ತದೆ. ತಡೆಯಲಾರದಷ್ಟಾದರೆ ಆಸ್ಪತ್ರೆಯಲ್ಲಿ ಕೇಳಿ ಮಾತ್ರೆ ತಗೊಳ್ಳಲಿ. ನೋವು ನುಂಗಿದರೆ ಗಟ್ಟಿ ಹೆಣ್ಣಾಗುತ್ತಾಳೆ ಎಂಬ ಮಾತು ಬಿಡಿ. ನೋವು ನುಂಗುವುದನ್ನು ಕಲಿಸಿಯೇ ಅವಳನ್ನು ಗಂಡನ ಮನೆಗೆ ಕಳಿಸುತ್ತೇವಲ್ಲ.

ಬಟ್ಟೆಯಾದರೂ ಸರಿ, ಪ್ಯಾಡ್ ಆದರೂ ಸರಿ. ನಾಲ್ಕರಿಂದ ಆರು ಗಂಟೆಗೊಮ್ಮೆ ಬದಲಾಯಿಸಬೇಕು. ಬಟ್ಟೆ ಹತ್ತಿಯದಾಗಿರಲಿ, ಸೋಪು ಹಾಕಿ ಒಗೆದು ಬಿಸಿಲಲ್ಲಿ ಒಣಗಿಸಬೇಕು. ಸೀರೆಯ ಕೆಳಗೆ ಬಚ್ಚಿಟ್ಟು ನೆರಳಲ್ಲಿ ಒಣಗಿಸಿದ್ದರಿಂದ ಆದ ತುರಿಕೆ, ಹುಣ್ಣುಗಳನ್ನು ನಾನು ನೋಡಿದಷ್ಟು ನೀವು ನೋಡಿಲ್ಲ. ಶಾಲೆಯ ಹುಡುಗಿಯರಿಗೆ ಪ್ಯಾಡ್ ಕೊಡುವ ಶುಚಿ ಯೋಜನೆ ನಮ್ಮ ರಾಜ್ಯದಲ್ಲಿ 2013-14ರಲ್ಲಿ ಶುರುವಾಯಿತು. ಕೊರೋನಾ ಕಾಲದಲ್ಲಿ ನಿಂತುಹೋಗಿತ್ತು, 2024ರಲ್ಲಿ ಮತ್ತೆ ಕೊಡಲು ಶುರು ಮಾಡಿದರು. ನಿಮ್ಮ ಶಾಲೆಗೆ ಬರುತ್ತಿದೆಯೇ ಎಂದು ಹೋಗಿ ಕೇಳಿ. ಹಾಗೆಯೇ ಹುಡುಗಿಯರ ಶೌಚಾಲಯಕ್ಕೆ ನೀರಿದೆಯೇ, ಒಳಗಿನ ಅಗಳಿ ಸರಿಯಿದೆಯೇ ನೋಡಿ. ನಿಮ್ಮಲ್ಲಿ ಮೂವರು ಶಾಲೆಯ ಸಮಿತಿಯಲ್ಲಿದ್ದೀರಿ, ಸಹಿ ಹಾಕುವುದಕ್ಕೆ ಮಾತ್ರ ಅಲ್ಲ.

ಮೊದಲ ಒಂದೆರಡು ವರ್ಷ ಲೆಕ್ಕ ತಪ್ಪುವುದು ಸಹಜ. ಒಂದು ತಿಂಗಳು ಬಂದು ಇನ್ನೊಂದು ತಿಂಗಳು ಬರದೆ ಇರಬಹುದು. ಅದಕ್ಕೇ ಮಗಳನ್ನು ಅನುಮಾನದಿಂದ ನೋಡಬೇಡಿ. ಆದರೆ ಏಳು ದಿನ ದಾಟಿದರೂ ನಿಲ್ಲದಿದ್ದರೆ, ಗಂಟೆಗೊಂದು ಪ್ಯಾಡ್ ಒದ್ದೆಯಾದರೆ, ಮೂರು ತಿಂಗಳು ಬರದೇ ಹೋದರೆ, 15 ತುಂಬಿದರೂ ಶುರುವಾಗದಿದ್ದರೆ ಡಾಕ್ಟರಿಗೆ ತೋರಿಸಬೇಕು. ಆ ಕೊನೆಯದಕ್ಕೆ ಪೂಜೆ, ಹರಕೆ ಎಂದು ವರ್ಷ ಕಳೆದವರಿದ್ದಾರೆ.

ಊಟದ ವಿಷಯದಲ್ಲಿ ನಮ್ಮ ಅಜ್ಜಿಯರು ಬುದ್ಧಿವಂತರು. ಎಳ್ಳು, ಬೆಲ್ಲ, ಮೆಂತ್ಯ, ತುಪ್ಪ, ಎಲ್ಲ ಒಳ್ಳೆಯದೇ. ಆದರೆ 9 ದಿನ ತಿನ್ನಿಸಿ ಹತ್ತನೇ ದಿನದಿಂದ ಗಂಡು ಹುಡುಗರು ಉಂಡು ಮಿಕ್ಕಿದ್ದನ್ನು ಹಾಕುತ್ತೇವೆ. ಅದೇ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದ ಹೆಂಗಸರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ರಕ್ತ ಕಡಿಮೆ. ತಿಂಗಳು ತಿಂಗಳು ರಕ್ತ ಹೋಗುವ ಹುಡುಗಿಗೆ ಸೊಪ್ಪು, ಕಾಳು, ಮೊಟ್ಟೆ ವರ್ಷವಿಡೀ ಬೇಕು. ಶಾಲೆಯಲ್ಲಿ ವಾರಕ್ಕೊಂದು ಕೊಡುವ ನೀಲಿ ಕಬ್ಬಿಣದ ಮಾತ್ರೆ ನುಂಗಲು ಹೇಳಿ. ಮಲ ಕಪ್ಪಾಗುತ್ತದೆ, ಹೆದರಬೇಕಾಗಿಲ್ಲ.

ಇನ್ನೊಂದು ಮಾತು ಹೇಳಲು ಕಷ್ಟ, ಆದರೂ ಹೇಳುತ್ತೇನೆ. ಇನ್ನು ಅವಳು ಬಸಿರಾಗಬಲ್ಲಳು, ಅದು ಅವಳಿಗೆ ಗೊತ್ತಿರಬೇಕು. ಯಾರಾದರೂ, ನೆಂಟನೇ ಆಗಲಿ, ಮೈ ಮುಟ್ಟಿದರೆ "ನನ್ನ ಹತ್ತಿರ ಹೇಳು, ನಿನ್ನನ್ನ ಬಯ್ಯೋದಿಲ್ಲ" ಎಂದು ಅದೇ ದಿನ ಹೇಳಿ. ಮುಟ್ಟಿನ ಬಗ್ಗೆ ಬಾಯಿ ಬಿಡದ ತಾಯಿಯ ಹತ್ತಿರ ಮಗಳು ಅದನ್ನು ಹೇಗೆ ಹೇಳಿಯಾಳು?

ಹಾಗಾದರೆ ಆರತಿ ಎತ್ತಬಾರದೇ ಎಂದು ಹಿಂದೆ ಕೂತ ಅಜ್ಜಿ ಕೇಳುತ್ತಿದ್ದಾರೆ. ಎತ್ತಿ ಅಜ್ಜಿ. ಮನೆಯೊಳಗೆ, ಮನೆಯ ಹೆಂಗಸರು ಸೇರಿ, ಅವಳಿಗೆ ಇಷ್ಟವಿದ್ದರೆ ಎತ್ತಿ. ಬೇಡ ಅಂದರೆ ಬಿಡಿ, ಸುದ್ದಿ ಅವಳದು. ಶಾಮಿಯಾನ ಬೇಡ, ಫ್ಲೆಕ್ಸ್ ಬೇಡ, ಹೊರಗೆ ಕೂರಿಸುವುದು ಬೇಡ. ಒಸಗೆಗೆ ಸಾಲ ಕೊಡುವುದಿಲ್ಲ ಎಂದು ಪಕ್ಕದ ತಾಲ್ಲೂಕಿನ ಒಂದು ಸಂಘದವರು ಠರಾವು ಬರೆದಿದ್ದಾರೆ. ಅದೇ ದುಡ್ಡನ್ನು ಹುಡುಗಿಯ ಹೈಸ್ಕೂಲಿನ ಬಸ್ ಪಾಸಿಗೂ ಸೈಕಲ್ಲಿಗೂ ಸಾಲ ಕೊಡುತ್ತಾರೆ. ಮೊದಲ ವರ್ಷ ಇಬ್ಬರು ಸದಸ್ಯರು ಸಿಟ್ಟಾಗಿ ಸಂಘ ಬಿಟ್ಟರು, ಒಬ್ಬಳು ವಾಪಸು ಬಂದಿದ್ದಾಳೆ. ನಿಮ್ಮದು ನೀವು ಚರ್ಚೆ ಮಾಡಿ.

ಈ ಚೀಲದಲ್ಲಿ ಹಳೇ ಪಂಚೆ ಬಟ್ಟೆ, ದಾರ, ಸೂಜಿ ತಂದಿದ್ದೇನೆ. ಮಡಿಕೆ ಹೇಗೆ ಹಾಕುವುದು, ಚಡ್ಡಿಗೆ ನಿಲ್ಲುವ ಹಾಗೆ ಪಟ್ಟಿ ಹೇಗೆ ಹೊಲಿಯುವುದು ಎಂದು ನನ್ನ ತಂಗಿ ತೋರಿಸುತ್ತಾಳೆ. ಅವಳೇ, ಕಂಬದ ಹತ್ತಿರ ಕೂತಿದ್ದಾಳಲ್ಲ. ನಿಮ್ಮ ಹೆಣ್ಣುಮಕ್ಕಳು ಹೊರಗೆ ಜಗಲಿ ಮೇಲೆ ಕಿವಿಗೊಟ್ಟು ಕೂತಿದ್ದಾರೆ, ಆಗಿನಿಂದ ನೋಡುತ್ತಿದ್ದೇನೆ. ಯಾರಾದರೂ ಎದ್ದು ಅವರನ್ನು ಒಳಗೆ ಕರೆಯಿರಿ.