ಮಳೆಗೊಂದು ಲೆಕ್ಕ, ಪಂದ್ಯಕ್ಕೊಂದು ಲೆಕ್ಕ



ಮಧುಗಿರಿ, ಪಾವಗಡ ಸೀಮೆಯ ರೈತರನ್ನು ‘ಈ ಸಲ ಮಳೆ ಹೇಗೆ?’ ಎಂದು ಕೇಳಿ ನೋಡಿ. ನೇರ ಉತ್ತರ ಸಿಗುವುದಿಲ್ಲ. ಒಮ್ಮೆ ಆಕಾಶ ನೋಡುತ್ತಾರೆ, ರೋಹಿಣಿ ಹೀಗಾಯಿತು, ಮೃಗಶಿರೆ ಕೈಕೊಟ್ಟಿತು ಎನ್ನುತ್ತಾರೆ, ಕೊನೆಗೆ ‘ಬಂದರೆ ಬಂತು’ ಎಂದು ಮುಗಿಸುತ್ತಾರೆ. ತಲೆಮಾರುಗಳಿಂದ ಮಳೆಯನ್ನು ನಂಬಿ ಪೆಟ್ಟು ತಿಂದವರ ಮಾತು ಅದು. ಆದ್ದರಿಂದಲೇ ಕಡಲೆಕಾಯಿ ಬಿತ್ತಿದ ಹೊಲದಲ್ಲಿ ಅವರು ಕಡಲೆಕಾಯಿಯೊಂದನ್ನೇ ನೆಚ್ಚಿ ಕೂರುವುದಿಲ್ಲ. ನಡುನಡುವೆ ತೊಗರಿಯದೋ ಅಲಸಂದೆಯದೋ ಅಕ್ಕಡಿ ಸಾಲು ಹಾಕುತ್ತಾರೆ. ಒಂದು ಮಳೆ ತಪ್ಪಿದರೂ ಇನ್ನೊಂದು ಬೆಳೆ ಮನೆಗೆ ಬರಲಿ ಎಂಬ ಲೆಕ್ಕ. ಆ ಕಡೆ ಕಣ್ಣುಮುಚ್ಚಿ ನಂಬಬಹುದಾದದ್ದು ಬಿಸಿಲನ್ನು ಮಾತ್ರ. ಪಾವಗಡ ತಾಲ್ಲೂಕಿನ ತಿರುಮಣಿ ಸುತ್ತಮುತ್ತ ಸುಮಾರು 13,000 ಎಕರೆ ಜಮೀನನ್ನು ಗುತ್ತಿಗೆಗೆ ಹಿಡಿದು ಸೌರ ವಿದ್ಯುತ್ ಪಾರ್ಕ್ ಮಾಡಿರುವುದು ಸುಮ್ಮನೆ ಅಲ್ಲ.

ಇದೇ ಮನುಷ್ಯ ಸಂಜೆ ಚಹಾದಂಗಡಿಯ ಟೀವಿ ಮುಂದೆ ನಿಂತಾಗ ಬೇರೆಯೇ ಆಗಿಬಿಡುತ್ತಾನೆ. ‘ಇವತ್ತು ಗೆದ್ದೇ ಗೆಲ್ತಾರೆ’, ‘ಆ ಹುಡುಗನ ಕತೆ ಮುಗೀತು’, ‘ಬರೆದಿಟ್ಕೊ’ — ಎಲ್ಲವೂ ಖಡಾಖಂಡಿತ. ಮಳೆಯ ವಿಷಯದಲ್ಲಿ ಇಷ್ಟು ಎಚ್ಚರದ ಜನ ಕ್ರಿಕೆಟ್ಟಿನ ವಿಷಯದಲ್ಲಿ ಇಷ್ಟು ಧಾರಾಳಿಗಳಾಗುವುದು ಹೇಗೆ ಎಂಬುದು ಯೋಚಿಸಬೇಕಾದ ಸಂಗತಿ. ಇದು ಒಂದು ಸೀಮೆಯವರ ಗುಣವಲ್ಲ. ಕ್ರಿಕೆಟ್ ನೋಡುವ ಎಲ್ಲ ಊರಿನ ಕತೆಯೂ ಇದೇ.

1996ರ ಅಕ್ಟೋಬರ್ 21. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಟೈಟನ್ ಕಪ್ ಪಂದ್ಯ. ಮಾರ್ಕ್ ಟೇಲರ್ ಹೊಡೆದ 105 ರನ್ನುಗಳ ಬಲದಿಂದ ಆಸ್ಟ್ರೇಲಿಯ 215 ರನ್ ಮಾಡಿತ್ತು. ಭಾರತದ ಪರ ಒಂದು ಕಡೆ ಸಚಿನ್ ತೆಂಡೂಲ್ಕರ್ ನಿಂತಿದ್ದರು, ಇನ್ನೊಂದು ಕಡೆ ವಿಕೆಟ್ಟುಗಳು ಉದುರುತ್ತಿದ್ದವು. 88 ರನ್ ಮಾಡಿ ಸಚಿನ್ ಔಟಾದಾಗ ಭಾರತದ ಸ್ಥಿತಿ 8 ವಿಕೆಟ್ಟಿಗೆ 164. ಇನ್ನೂ 52 ರನ್ ಬೇಕು, ಆಡಬೇಕಾದವರು ಬೌಲರುಗಳು. ಆ ಕಾಲದ ಪ್ರೇಕ್ಷಕರ ಲೆಕ್ಕದಲ್ಲಿ ಸಚಿನ್ ಔಟಾದರೆಂದರೆ ಪಂದ್ಯ ಮುಗಿಯಿತು ಎಂದರ್ಥ. ಎಷ್ಟೋ ಮನೆಗಳಲ್ಲಿ ಟೀವಿ ಆರಿಸಿ ಮಲಗಿದರು.

ಕ್ರೀಸಿನಲ್ಲಿದ್ದವರು ಮೈಸೂರಿನ ಜಾವಗಲ್ ಶ್ರೀನಾಥ್ ಮತ್ತು ಬೆಂಗಳೂರಿನ ಅನಿಲ್ ಕುಂಬ್ಳೆ. ಒಂದೊಂದೇ ರನ್ ಕೂಡಿಸುತ್ತ, ಸಿಕ್ಕ ಚೆಂಡನ್ನು ಬೀಸಿ ಹೊಡೆಯುತ್ತ ಇಬ್ಬರೂ ಕೊನೆಯ ಓವರುಗಳವರೆಗೆ ಉಳಿದರು. ಶ್ರೀನಾಥ್ ಅಜೇಯ 30, ಕುಂಬ್ಳೆ ಅಜೇಯ 16, ಇನ್ನೂ ಏಳು ಎಸೆತ ಉಳಿದಿರುವಾಗ ಪಂದ್ಯ ಭಾರತದ್ದು. ಪ್ರೇಕ್ಷಕರ ನಡುವೆ ಕುಳಿತಿದ್ದ ಆ ಇಬ್ಬರು ಆಟಗಾರರ ತಾಯಂದಿರನ್ನು ಟೀವಿ ಮತ್ತೆ ಮತ್ತೆ ತೋರಿಸಿತು. ಟೀವಿ ಆರಿಸದೆ ಎಚ್ಚರವಿದ್ದವರಿಗೆ ಮಾತ್ರ ದಕ್ಕಿದ ದೃಶ್ಯ ಅದು.

ಇಲ್ಲಿ ಒಂದು ಮಾತು ಗಮನಿಸಬೇಕು. ಟೀವಿ ಆರಿಸಿದವರು ಆಟ ತಿಳಿಯದವರಲ್ಲ. ಅಂಥ ಸ್ಥಿತಿಯಲ್ಲಿ ಹತ್ತು ಪಂದ್ಯ ನಡೆದರೆ ಬಹುಪಾಲು ಸೋಲೇ. ಅವರ ಅಂದಾಜು ಸರಿಯಾಗಿಯೇ ಇತ್ತು. ತಪ್ಪಿದ್ದು ಅಂದಾಜನ್ನು ತೀರ್ಪು ಮಾಡಿಕೊಂಡದ್ದರಲ್ಲಿ. ‘ಬಹುಶಃ ಸೋಲು’ ಎಂಬುದಕ್ಕೂ ‘ಸೋಲು’ ಎಂಬುದಕ್ಕೂ ನಡುವೆ 52 ರನ್ನುಗಳ ಜಾಗವಿತ್ತು.

ಅದೇ ವರ್ಷ ಮಾರ್ಚಿನಲ್ಲಿ ಇದೇ ಕ್ರೀಡಾಂಗಣದಲ್ಲಿ ಇನ್ನೊಂದು ಭವಿಷ್ಯ ನುಡಿಯಲಾಗಿತ್ತು. ನುಡಿದವರು ಅಭಿಮಾನಿಯಲ್ಲ, ಆಟಗಾರನೇ. ವಿಶ್ವಕಪ್ ಕ್ವಾರ್ಟರ್ ಫೈನಲ್‌ನಲ್ಲಿ ಪಾಕಿಸ್ತಾನದ ಅಮೀರ್ ಸೊಹೈಲ್, ವೆಂಕಟೇಶ್ ಪ್ರಸಾದ್ ಅವರ ಚೆಂಡನ್ನು ಬೌಂಡರಿಗೆ ಅಟ್ಟಿ, ಮುಂದಿನದೂ ಅಲ್ಲಿಗೇ ಎಂದು ಬ್ಯಾಟು ಚಾಚಿ ತೋರಿಸಿದರು. ಮುಂದಿನ ಎಸೆತಕ್ಕೆ ಸ್ಟಂಪು ಉರುಳಿತು. ಆ ಗೆಲುವಿನ ಅಮಲಿನಲ್ಲಿ ಅಭಿಮಾನಿಗಳು ಕಪ್ಪನ್ನೇ ಮನೆಗೆ ತಂದುಬಿಟ್ಟರು. ನಾಲ್ಕೇ ದಿನ ಕಳೆದು ಕಲ್ಕತ್ತೆಯ ಸೆಮಿಫೈನಲ್‌ನಲ್ಲಿ ಭಾರತ ಒಂದು ವಿಕೆಟ್ಟಿಗೆ 98 ಇದ್ದದ್ದು ಎಂಟು ವಿಕೆಟ್ಟಿಗೆ 120 ಆಗಿ ಕುಸಿಯಿತು. ಗ್ಯಾಲರಿಯ ಗಲಾಟೆಯಿಂದ ಆಟ ನಿಂತು, ಪಂದ್ಯವನ್ನು ಶ್ರೀಲಂಕಾಕ್ಕೆ ಕೊಟ್ಟರು. ಅದೇ ಶ್ರೀಲಂಕಾ ಕಪ್ಪನ್ನೂ ಗೆದ್ದಿತು.

ಪಂದ್ಯದ ಭವಿಷ್ಯ ಸಂಜೆಯ ಹೊತ್ತಿಗೆ ಸತ್ಯವೋ ಸುಳ್ಳೋ ಆಗಿ ಮುಗಿಯುತ್ತದೆ. ಆಟಗಾರನ ಭವಿಷ್ಯ ಹಾಗಲ್ಲ, ಅದು ವರ್ಷಗಟ್ಟಲೆ ಅವನ ಬೆನ್ನಿಗೆ ಅಂಟಿಕೊಂಡಿರುತ್ತದೆ. ಭದ್ರಾವತಿಯ ಗುಂಡಪ್ಪ ವಿಶ್ವನಾಥ್ 1969ರ ನವೆಂಬರಿನಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯದ ವಿರುದ್ಧ ಮೊದಲ ಟೆಸ್ಟ್ ಆಡಿದರು. ಮೊದಲ ಇನಿಂಗ್ಸ್‌ನಲ್ಲಿ ಸೊನ್ನೆ. ಎರಡನೆಯದರಲ್ಲಿ 137. ಇನ್ನು ನಿಶ್ಚಿಂತೆ ಎನ್ನಬೇಕಲ್ಲ? ಇಲ್ಲ. ಅಭಿಮಾನಿಗಳ ಬಳಿ ಒಂದು ‘ನಿಯಮ’ವಿತ್ತು: ಮೊದಲ ಟೆಸ್ಟಿನಲ್ಲೇ ಶತಕ ಹೊಡೆದ ಭಾರತೀಯ ಮತ್ತೆ ಶತಕ ಹೊಡೆಯುವುದಿಲ್ಲ. ಲಾಲಾ ಅಮರನಾಥ್, ದೀಪಕ್ ಶೋಧನ್, ಕೃಪಾಲ್ ಸಿಂಗ್, ಅಬ್ಬಾಸ್ ಅಲಿ ಬೇಗ್, ಹನುಮಂತ ಸಿಂಗ್ — ಐವರಿಗೂ ಅದು ನಿಜವಾಗಿತ್ತು. ಐದು ಸಾಕ್ಷಿಗಳಿರುವ ಶಾಪವನ್ನು ಯಾರು ತಾನೆ ನಂಬುವುದಿಲ್ಲ? ಶೋಧನ್ ಆಡಿದ್ದೇ ಮೂರು ಟೆಸ್ಟ್, ಬೇಗ್ ಹತ್ತು, ಅವರಿಗೆ ಸಿಕ್ಕ ಅವಕಾಶವೇ ಕಡಿಮೆ ಎಂಬುದನ್ನು ಮಾತ್ರ ಯಾರೂ ಎಣಿಸಲಿಲ್ಲ. ಎರಡನೆಯ ಶತಕಕ್ಕೆ ವಿಶ್ವನಾಥ್ 1973ರವರೆಗೆ ಕಾಯಬೇಕಾಯಿತು. ಅಷ್ಟು ವರ್ಷ ಆ ನಿಯಮ ಅವರ ಹಿಂದೆಯೇ ಇತ್ತು. ಮುಂಬಯಿಯಲ್ಲಿ ಇಂಗ್ಲೆಂಡಿನ ವಿರುದ್ಧ 113 ಹೊಡೆದು ಅದನ್ನು ಮುರಿದವರು ನಿವೃತ್ತರಾಗುವಾಗ ಒಟ್ಟು 14 ಟೆಸ್ಟ್ ಶತಕ ಮಾಡಿದ್ದರು.

ಹಳೆಯ ನಿಯಮ ಸತ್ತ ಮೇಲೆ ಜನ ಸುಮ್ಮನಿದ್ದರೇ? ‘ವಿಶಿ ಶತಕ ಹೊಡೆದರೆ ಭಾರತ ಸೋಲುವುದಿಲ್ಲ’ ಎಂದು ಹೊಸದೊಂದು ಹುಟ್ಟಿತು. ಸೋಜಿಗವೆಂದರೆ, ಅದು ಕೊನೆವರೆಗೂ ಸುಳ್ಳಾಗಲಿಲ್ಲ.

ಕುಂಬ್ಳೆಯವರ ವಿಷಯದಲ್ಲಿ ಎಲ್ಲರೂ ಹೇಳುತ್ತಿದ್ದ ಮಾತು ‘ಚೆಂಡು ತಿರುಗುವುದೇ ಇಲ್ಲ’. 1990ರಲ್ಲಿ ಮ್ಯಾಂಚೆಸ್ಟರಿನಲ್ಲಿ ಮೊದಲ ಟೆಸ್ಟ್ ಆಡಿದ ಮೇಲೆ ಎರಡು ವರ್ಷ ಹೊರಗೇ ಉಳಿದ ಹುಡುಗನ ಬಗ್ಗೆ ಆ ಮಾತು ಸುಲಭವಾಗಿ ಅಂಟಿಕೊಂಡಿತು. ಮಾತು ಸುಳ್ಳಲ್ಲ, ಹಳೆಯ ಲೆಗ್‌ಸ್ಪಿನ್ನರುಗಳ ಹಾಗೆ ಅವರ ಚೆಂಡು ತಿರುಗುತ್ತಿರಲಿಲ್ಲ. ಆದರೆ ಎತ್ತರದಿಂದ ಬಿದ್ದು, ನೆಲಕ್ಕೆ ತಾಗಿದ ಮೇಲೆ ದಾಂಡಿಗನ ಅಂದಾಜಿಗಿಂತ ಬೇಗ ಬರುತ್ತಿತ್ತು, ಪುಟಿಯುತ್ತಿತ್ತು. ನೋಡುವವರು ತಿರುವನ್ನು ಅಳೆಯುತ್ತಿದ್ದರು, ದಾಂಡಿಗರು ವೇಗಕ್ಕೆ ಔಟಾಗುತ್ತಿದ್ದರು. ತಿರುಗದ ಆ ಚೆಂಡು 619 ಟೆಸ್ಟ್ ವಿಕೆಟ್ ತಂದಿತು. 1999ರ ಫೆಬ್ರುವರಿಯಲ್ಲಿ ದೆಹಲಿಯಲ್ಲಿ ಪಾಕಿಸ್ತಾನದ ಒಂದು ಇನಿಂಗ್ಸ್‌ನ ಹತ್ತೂ ವಿಕೆಟ್ ತಂದಿತು. ಇನ್ನು ಅವರು ಟೆಸ್ಟ್ ಶತಕ ಹೊಡೆಯುತ್ತಾರೆಂದು ಭವಿಷ್ಯ ಹೇಳಿದವರಂತೂ ಇರಲಾರರು. 2007ರಲ್ಲಿ ಓವಲ್‌ನಲ್ಲಿ, ತಮ್ಮ 118ನೆಯ ಟೆಸ್ಟಿನಲ್ಲಿ, ಅದೂ ಆಯಿತು: ಅಜೇಯ 110. ‘ಒಂದು ದಿನದ ಆಟಕ್ಕೆ ಲಾಯಕ್ಕಲ್ಲ’ ಎನಿಸಿಕೊಂಡ ರಾಹುಲ್ ದ್ರಾವಿಡ್ 1999ರ ವಿಶ್ವಕಪ್ಪಿನಲ್ಲಿ ಎಲ್ಲರಿಗಿಂತ ಹೆಚ್ಚು, 461 ರನ್ ಮಾಡಿದ್ದು ಇದೇ ಜಾತಿಯ ಕತೆ.

ತಜ್ಞರೂ ಇದರಿಂದ ತಪ್ಪಿಸಿಕೊಂಡಿಲ್ಲ. 1983ರ ವಿಶ್ವಕಪ್ಪಿಗೆ ಮುಂಚೆ ಭಾರತವನ್ನು ಲೆಕ್ಕಕ್ಕೇ ಹಿಡಿಯದೆ ಬರೆದಿದ್ದ ಇಂಗ್ಲಿಷ್ ಸಂಪಾದಕ ಡೇವಿಡ್ ಫ್ರಿತ್, ಕಪ್ಪು ಭಾರತಕ್ಕೆ ಬಂದ ಮೇಲೆ ಆ ಬರಹವಿದ್ದ ಕಾಗದವನ್ನೇ ತಿಂದರು. ಹಿಂದಿನ ಎರಡು ವಿಶ್ವಕಪ್ಪುಗಳಲ್ಲಿ ಭಾರತ ಗೆದ್ದದ್ದು ಪೂರ್ವ ಆಫ್ರಿಕದ ವಿರುದ್ಧ ಒಂದೇ ಪಂದ್ಯವಾದ್ದರಿಂದ, ಅವರನ್ನು ಪೂರ್ತಿ ದೂರುವಂತೆಯೂ ಇಲ್ಲ. ಆ ಕೂಟದಲ್ಲಿ ಅತಿ ಹೆಚ್ಚು, 18 ವಿಕೆಟ್ ಪಡೆದವರು ಬೆಂಗಳೂರಿನ ರೋಜರ್ ಬಿನ್ನಿ. ತಪ್ಪನ್ನು ತಿಂದು ಒಪ್ಪಿಕೊಂಡ ಫ್ರಿತ್ ಅವರಂಥವರು ಚಹಾದಂಗಡಿಗಳಲ್ಲಿ ಅಪರೂಪ.

ಭವಿಷ್ಯದ ವೇಷದಲ್ಲಿ ಬರುವ ಇನ್ನೊಂದು ಮಾತಿದೆ: ‘ಈ ಸಲ ಕಪ್ ನಮ್ದೇ’. 2009, 2011, 2016ರಲ್ಲಿ ಬೆಂಗಳೂರು ತಂಡ ಐಪಿಎಲ್ ಫೈನಲ್ ಸೋತಿತು. 2016ರಲ್ಲಂತೂ ಸ್ವಂತ ಅಂಗಳದಲ್ಲಿ, 209 ರನ್ನಿನ ಗುರಿಗೆ ವಿಕೆಟ್ಟೇ ಬೀಳದೆ 114 ಆಗಿದ್ದಾಗ ಪಟಾಕಿ ಹೊರತೆಗೆದವರು ಎಷ್ಟು ಮಂದಿಯೋ. ಸೋಲು ಎಂಟು ರನ್ನಿನದು. ಹದಿನೇಳು ವರ್ಷ ಸುಳ್ಳಾದ ಮಾತು 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ನಿಜವಾಯಿತು. ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ನೂಕುನುಗ್ಗಲಿನಲ್ಲಿ 11 ಜನ ಸತ್ತರು. ಅಂಥ ದಿನವನ್ನು ಯಾವ ಭವಿಷ್ಯವೂ ಎಣಿಸಿರಲಿಲ್ಲ. ಆ ಘೋಷಣೆ ಮೊದಲಿಂದಲೂ ಲೆಕ್ಕಾಚಾರವಾಗಿರಲಿಲ್ಲ, ಹರಕೆಯಾಗಿತ್ತು. ಪಾವಗಡದ ಶನೈಶ್ಚರನ ಗುಡಿಯಲ್ಲಿ ಕೈಮುಗಿದು ನಿಂತವರು ‘ಇನ್ನು ಒಳ್ಳೆಯದಾಗುತ್ತೆ’ ಎಂದುಕೊಳ್ಳುವಂಥದ್ದು. ಹರಕೆ ತಪ್ಪಾಗುವ ಪ್ರಶ್ನೆಯೇ ಇಲ್ಲ.

ತೊಂದರೆ ಬರುವುದು ಹರಕೆಯ ಮೇಲೆ ಹಣ ಕಟ್ಟಿದಾಗ. ಶಿರಾದಿಂದ ಕೊರಟಗೆರೆವರೆಗೆ ಯಾವ ಊರಿನ ಹಿರಿಯರನ್ನು ಕೇಳಿದರೂ ಬಾಜಿ ಕಟ್ಟಿ ಕೆಟ್ಟ ಹುಡುಗರ ಮಾತು ಬರುತ್ತದೆ. ಬಾಜಿ ಕಟ್ಟುವವನ ತಲೆಯಲ್ಲಿ ಹೋದ ಸಲ ಗೆದ್ದ ಐನೂರು ರೂಪಾಯಿ ಹಸಿರಾಗಿರುತ್ತದೆ. ಅದಕ್ಕೆ ಮುಂಚೆ ಕಳೆದ ಐದು ಸಾವಿರ ಮಬ್ಬಾಗಿರುತ್ತದೆ. ಅವನ ಅಪ್ಪ ಬಿತ್ತನೆ ಬೀಜಕ್ಕೆ ಸಾಲ ಮಾಡುವಾಗಲೂ ಅಕ್ಕಡಿಗೆಂದು ಒಂದು ಸೇರು ತೊಗರಿ ತೆಗೆದಿಟ್ಟವನು. ಮಗನ ಲೆಕ್ಕದಲ್ಲಿ ಅಕ್ಕಡಿ ಸಾಲೇ ಇಲ್ಲ.

ತಪ್ಪಾದ ಭವಿಷ್ಯಗಳು ಎಲ್ಲಿ ಹೋಗುತ್ತವೆ ಎಂಬುದಕ್ಕೆ ಆ 1996ರ ಅಕ್ಟೋಬರ್ ರಾತ್ರಿಗೇ ಮರಳಬೇಕು. ಸಚಿನ್ ಔಟಾದೊಡನೆ ಟೀವಿ ಆರಿಸಿದವರನ್ನು ಇಂದು ಹುಡುಕಿಕೊಂಡು ಹೊರಟರೆ ಒಬ್ಬರೂ ಸಿಗುವುದು ಕಷ್ಟ. ಕೇಳಿದವರೆಲ್ಲ ಕೊನೆಯ ಎಸೆತದವರೆಗೂ ನೋಡಿದವರೇ. ‘ನನಗೆ ಗೊತ್ತಿತ್ತು ಕಣಯ್ಯ, ಶ್ರೀನಾಥ್ ಹೊಡೀತಾನೆ ಅಂತ!’