ಹಿತ್ತಿಲ ಚಪ್ಪರಕ್ಕೆ ಒಂದು ಹಣ್ಣಿನ ಬಳ್ಳಿ



ಮೊನ್ನೆ ಕೃಷ್ಣರಾಜನಗರದ ಕಡೆಯ ಒಂದು ಹಳ್ಳಿಗೆ ಹೋಗಿದ್ದೆ. ಅಲ್ಲಿಯ ಯಜಮಾನರೊಬ್ಬರು ಹಿತ್ತಿಲಲ್ಲಿ ನೆಟ್ಟ ಸಸಿ ತೋರಿಸಿ, "ಸ್ವಾಮಿ, ಇದು ಕಿವಿ ಹಣ್ಣಿನ ಬಳ್ಳಿಯಂತೆ. ಒಳ್ಳೇ ದುಡ್ಡು ಕೊಟ್ಟು ತಂದಿದೀನಿ. ಎಷ್ಟು ವರ್ಷಕ್ಕೆ ಕಾಯಿ ಬಿಡ್ತದೆ?" ಎಂದು ಕೇಳಿದರು. ಅವರಿಗೆ ಹೇಳಿದ ಮಾತನ್ನೇ ಇವತ್ತು ನಿಮಗೂ ಹೇಳುತ್ತೇನೆ.

ಹೆಸರು ಕಿವಿ ಆದರೂ ಅದು ನಮ್ಮ ಮಾತು ಕೇಳುವ ಬಳ್ಳಿಯಲ್ಲ. ಅದರ ತವರು ಚೀನಾ ದೇಶದ ಬೆಟ್ಟಗಳು. ಚಳಿಗಾಲದಲ್ಲಿ ಎಲೆ ಉದುರಿಸಿ ಮಲಗುತ್ತದೆ. ಏಳು ಡಿಗ್ರಿಗಿಂತ ಕಡಿಮೆ ಶೀತ ಸುಮಾರು 700-800 ಗಂಟೆ ಸಿಕ್ಕಿದರೆ ಮಾತ್ರ ಚೆನ್ನಾಗಿ ಎಚ್ಚೆತ್ತು ಹೂ ಬಿಡುತ್ತದೆ. ನಮ್ಮ ಮಾಗಿಯ ಚಳಿ ನಮಗೆ ನಡುಕ ತರಬಹುದು, ಆ ಬಳ್ಳಿಗೆ ಸಾಲದು. ಮೇಲಾಗಿ ಅದರಲ್ಲಿ ಗಂಡು ಬಳ್ಳಿ ಬೇರೆ, ಹೆಣ್ಣು ಬಳ್ಳಿ ಬೇರೆ. ಎಂಟೊಂಬತ್ತು ಹೆಣ್ಣಿಗೆ ಒಂದು ಗಂಡಾದರೂ ಜೊತೆಗಿರಬೇಕು. ಒಂದೇ ಸಸಿ ನೆಟ್ಟವರಿಗೆ ಹಣ್ಣೆಲ್ಲಿಂದ ಬರಬೇಕು?

ಇದು ಬರಿಯ ಪುಸ್ತಕದ ಮಾತಲ್ಲ. 1960ರ ಸುಮಾರಿಗೆ ಬೆಂಗಳೂರಿನ ಲಾಲ್‌ಬಾಗಿನಲ್ಲಿ ಈ ಬಳ್ಳಿ ನೆಟ್ಟು ನೋಡಿದರು. ಚಳಿ ಸಾಲದೆ ಫಲ ಬರಲಿಲ್ಲ. ಆಮೇಲೆ 1963ರಲ್ಲಿ ಸಿಮ್ಲಾದಲ್ಲಿ ನೆಟ್ಟರು. ಅಲ್ಲಿ 1969ರಲ್ಲಿ ಹಣ್ಣು ಬಂತು. ಲಾಲ್‌ಬಾಗಿನ ಆರೈಕೆಯಲ್ಲೇ ಆಗದ್ದು ನಮ್ಮ ಹಿತ್ತಿಲಲ್ಲಿ ಆಗುವುದು ಕಷ್ಟ. ಆ ದುಡ್ಡು ಉಳಿಸಿಕೊಳ್ಳಿ.

ಹಾಗಾದರೆ ಚಪ್ಪರ ಬರಿದೇ ಇರಬೇಕೆ? ಬೇಡ. ನಮ್ಮ ನೆರೆಯ ಕೊಡಗಿನಲ್ಲಿ ಶರಬತ್ತು ಹಣ್ಣಿನ ಬಳ್ಳಿ ಇದೆ. ಪ್ಯಾಶನ್ ಹಣ್ಣು ಎನ್ನುವುದೂ ಇದನ್ನೇ. ನೇರಳೆ ಬಣ್ಣದ್ದು ತಂಪು ಬೆಟ್ಟಕ್ಕೆ ಹೊಂದುತ್ತದೆ, ಹಳದಿಯದು ನಮ್ಮಂಥ ಬಯಲಿಗೆ. ಎರಡನ್ನೂ ಕೂಡಿಸಿ ಚೆಟ್ಟಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರದವರು ಕಾವೇರಿ ಎಂಬ ತಳಿಯನ್ನು ತಂದಿದ್ದಾರೆ.

ನೆಡುವ ಕ್ರಮ ಸುಲಭ. ಮುಂಗಾರು ಹಿಡಿದ ಮೇಲೆ ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಂಡಿ ತೆಗೆದು, ಮೇಲ್ಮಣ್ಣಿಗೆ ಎರಡು ಮಂಕರಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಿ. ಬಳ್ಳಿಯಿಂದ ಬಳ್ಳಿಗೆ ಏಳೆಂಟು ಅಡಿ ಬಿಡಿ. ಆರಡಿ ಎತ್ತರದ ಚಪ್ಪರ ಸಾಕು. ಚಪ್ಪರ ಮುಟ್ಟುವವರೆಗೆ ಪಕ್ಕದ ಚಿಗುರು ಚಿವುಟಿ, ಮೇಲೆ ಹೋದ ಮೇಲೆ ನಾಲ್ಕೂ ಕಡೆಗೆ ಹಬ್ಬಿಸಿ. ಹೂ ಬರುವುದು ಹೊಸ ಚಿಗುರಿನಲ್ಲಿ. ಆದ್ದರಿಂದ ಹಣ್ಣು ಮುಗಿದೊಡನೆ, ಕಾಯಿ ಬಿಟ್ಟ ಕವಲುಗಳಲ್ಲಿ ನಾಲ್ಕೈದು ಗೆಣ್ಣು ಉಳಿಸಿ ಕತ್ತರಿಸಿ.

ಎರಡು ಎಚ್ಚರಿಕೆ. ನಾಲೆಯ ಬಸಿನೀರು ನಿಲ್ಲುವ ಕಡೆ ನೆಡಬೇಡಿ, ಬುಡ ಕೊಳೆಯುತ್ತದೆ. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಯ ಕಡೆಯವರು ಹೊಗೆಸೊಪ್ಪಿನ ಸಸಿಮಡಿ ಇದ್ದ ಜಾಗವನ್ನೂ ಬಿಟ್ಟುಬಿಡಿ. ಅಲ್ಲಿ ಬೇರುಗಂಟಿನ ಜಂತುಹುಳು ಇದ್ದರೆ ಈ ಬಳ್ಳಿಗೂ ತಗಲಬಹುದು.

ಇನ್ನು ಮುಖ್ಯವಾದ ಸಂಗತಿ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಮನೆಯ ಹಳದಿ ಬಳ್ಳಿ ಚಪ್ಪರ ತುಂಬ ಹೂ ಬಿಟ್ಟಿತ್ತು; ಒಂದು ಕಾಯಿಯೂ ಕಚ್ಚಿರಲಿಲ್ಲ. "ಗೊಬ್ಬರ ಸಾಲದು, ಹಾಕಿ" ಎಂದುಬಿಟ್ಟೆ. ಆ ತಾಯಿ ಮಂಕರಿಗಟ್ಟಲೆ ಹೊತ್ತು ಹಾಕಿದರು. ಎಲೆ ಬಂತು, ಕಾಯಿ ಬರಲಿಲ್ಲ. ಮರುವರ್ಷ ಹೋದಾಗ ಬಳ್ಳಿ ಕಡಿದು ಒಲೆಗೆ ಹಾಕಿದ್ದರು. ತಪ್ಪು ಬಳ್ಳಿಯದಲ್ಲ, ನನ್ನದು.

ಹಳದಿ ಬಳ್ಳಿಯ ಹೂವಿಗೆ ತನ್ನದೇ ಹುಡಿ ಹಿಡಿಯುವುದಿಲ್ಲ, ಬೇರೆ ಬಳ್ಳಿಯ ಹುಡಿಯೇ ಬೇಕು. ಒಂದೇ ತಾಯಿಬಳ್ಳಿಯಿಂದ ಕತ್ತರಿಸಿದ ಎರಡು ತುಂಡು ನೆಟ್ಟರೂ ಅದು ಒಂದೇ ಬಳ್ಳಿಯ ಲೆಕ್ಕ. ಆದ್ದರಿಂದ ಬೇರೆ ಬೇರೆ ಕಡೆಯಿಂದ ತಂದ ಎರಡು ಮೂರು ಸಸಿಗಳನ್ನು ಜೊತೆಗೆ ನೆಡಿ. ಹುಡಿ ಸಾಗಿಸುವುದು ಮರ ಕೊರೆಯುವ ದೊಡ್ಡ ಕಪ್ಪು ದುಂಬಿ. ಅದಕ್ಕೆ ಮನೆಯಾಗಲಿ ಎಂದು ಒಣಗಿದ ಮರದ ತುಂಡೊಂದನ್ನು ಚಪ್ಪರದ ಹತ್ತಿರ ಬಿಟ್ಟಿರಿ. ಹೂವಿನ ಕಾಲದಲ್ಲಿ ವಿಷದ ಔಷಧಿ ಹೊಡೆಯಬೇಡಿ. ದುಂಬಿ ಸತ್ತರೆ ಫಸಲೂ ಹೋಯಿತು.

ದುಂಬಿ ಕಾಣದಿದ್ದರೆ ನಿಮ್ಮ ಬೆರಳೇ ದುಂಬಿ. ಹಳದಿ ಬಳ್ಳಿಯ ಹೂ ಮಧ್ಯಾಹ್ನದ ಹೊತ್ತಿಗೆ ಅರಳುತ್ತದೆ. ಊಟ ಮುಗಿಸಿ ಬಂದು, ಒಂದು ಬಳ್ಳಿಯ ಹೂವಿನ ಹುಡಿಯನ್ನು ಬೆರಳಿಗೆ ತೆಗೆದು, ಇನ್ನೊಂದು ಬಳ್ಳಿಯ ಹೂವಿನ ನಡುವಿರುವ ಮೂರು ಕವಲಿನ ತುದಿಗೆ ಸವರಿ. ಅವತ್ತು ಅರಳಿದ ಹೂ ಅವತ್ತಿಗೇ ಸರಿ, ನಾಳೆಗೆ ಇಲ್ಲ. ಮಕ್ಕಳಿಗೂ ಕಲಿಸಬಹುದಾದ ಕೆಲಸ.

ಕಾಯಿ ಕಚ್ಚಿ ಎರಡೂವರೆ ಮೂರು ತಿಂಗಳಿಗೆ ಹಣ್ಣಾಗಿ, ತಾನೇ ಉದುರುತ್ತದೆ. ಎಳೆಗಾಯಿ ತಿನ್ನಬಾರದು, ಎಲೆಬಳ್ಳಿಯನ್ನು ದನಕ್ಕೆ ಹಾಕಬಾರದು. ಅವುಗಳಲ್ಲಿ ವಿಷದ ಅಂಶ ಇರುತ್ತದೆ. ಹಣ್ಣಿನ ತಿರುಳಿಗೆ ನೀರು, ಬೆಲ್ಲ ಕೂಡಿಸಿದರೆ ಬೇಸಿಗೆಯ ಬಂದವರಿಗೆ ಒಳ್ಳೇ ಪಾನಕ.

ಬಳ್ಳಿ ಕಾಯಿ ಬಿಡಲಿಲ್ಲ ಎಂದು ಕೊಡಲಿ ಹಿಡಿಯುವ ಮುಂಚೆ ಎರಡು ಪ್ರಶ್ನೆ ಕೇಳಿಕೊಳ್ಳಿ: ಈ ಹವೆ ಅದಕ್ಕೆ ಒಗ್ಗುವುದೇ? ಅದಕ್ಕೆ ಜೊತೆ ಇದೆಯೇ? ಗೊಬ್ಬರದ ಮಾತು ಆಮೇಲೆ.