ನಾರುಹುಣ್ಣು ಹೋದ ದಾರಿ



ನಿಮ್ಮ ಊರು ಉತ್ತರ ಕರ್ನಾಟಕದಲ್ಲಿದ್ದರೆ ಇಂದು ಸಂಜೆ ಮನೆಯ ಹಿರಿಯರೊಬ್ಬರನ್ನು ಕೇಳಿನೋಡಿ: "ನಾರುಹುಣ್ಣು ಅಂದರೇನು?" ಕೆಲವರು ಉತ್ತರ ಹೇಳುವ ಬದಲು ಧೋತರವನ್ನು ತುಸು ಮೇಲೆತ್ತಿ ಕಾಲಿನ ಮೇಲಿನ ಹಳೆಯ ಕಲೆಯನ್ನೇ ತೋರಿಸಬಹುದು. ಮರುದಿನ ಇದೇ ಪ್ರಶ್ನೆಯನ್ನು ನಿಮ್ಮ ತರಗತಿಯಲ್ಲಿ ಕೇಳಿ. ಬಹುಮಟ್ಟಿಗೆ ಯಾರಿಗೂ ಗೊತ್ತಿರಲಾರದು. ಅಜ್ಜನಿಗೂ ಮೊಮ್ಮಗನಿಗೂ ನಡುವೆ ಒಂದು ರೋಗವೇ ಕಾಣೆಯಾಗಿದೆ. ಅದು ಹೇಗೆ ಹೋಯಿತು ಎಂಬುದನ್ನು ಇಂದು ನೋಡೋಣ.

ಈ ರೋಗಕ್ಕೆ ಕಾರಣ ಒಂದು ಪರೋಪಜೀವಿ ಹುಳು. ಕೆರೆ, ಹೊಂಡ, ಮೆಟ್ಟಿಲು ಬಾವಿಗಳ ನಿಂತ ನೀರಿನಲ್ಲಿ ಸೈಕ್ಲಾಪ್ಸ್ ಎಂಬ ಸಣ್ಣ ಜಲಜೀವಿ ಇರುತ್ತದೆ. ಗಾಜಿನ ಲೋಟದ ನೀರನ್ನು ಬೆಳಕಿಗೆ ಹಿಡಿದರೆ ಕುಪ್ಪಳಿಸುವ ಬಿಳಿ ಚುಕ್ಕೆಯಂತೆ ಕಾಣುತ್ತದೆ. ನಾರುಹುಳುವಿನ ಮರಿ ಇದರ ಹೊಟ್ಟೆಯಲ್ಲಿ ಸುಮಾರು ಎರಡು ವಾರ ಬೆಳೆಯುತ್ತದೆ. ಆ ನೀರನ್ನು ಸೋಸದೆ ಕುಡಿದರೆ ಸೈಕ್ಲಾಪ್ಸ್ ನಮ್ಮ ಜಠರದಲ್ಲಿ ಸಾಯುತ್ತದೆ. ಹುಳುವಿನ ಮರಿ ಸಾಯುವುದಿಲ್ಲ. ಅದು ಕರುಳನ್ನು ತೂರಿ ದೇಹದೊಳಗೆ ಸೇರುತ್ತದೆ. ಹೆಣ್ಣು ಹುಳು ಹೆಚ್ಚುಕಡಿಮೆ ಒಂದು ಮೀಟರ್ ಉದ್ದ ಬೆಳೆಯಬಲ್ಲದು. ಸುಮಾರು ಒಂದು ವರ್ಷದವರೆಗೆ ರೋಗಿಗೆ ಏನೂ ತಿಳಿಯುವುದಿಲ್ಲ. ಆಮೇಲೆ, ಸಾಮಾನ್ಯವಾಗಿ ಕಾಲಿನಲ್ಲಿ, ಬೆಂಕಿಯಂತೆ ಉರಿಯುವ ಗುಳ್ಳೆ ಏಳುತ್ತದೆ.

ಉರಿ ತಾಳಲಾರದೆ ಮನುಷ್ಯ ಕಾಲನ್ನು ನೀರಿಗೆ ಇಳಿಸುತ್ತಾನೆ. ಹುಳುವಿಗೆ ಬೇಕಾದದ್ದೂ ಅದೇ. ಗುಳ್ಳೆ ಒಡೆದು ಸಾವಿರಾರು ಮರಿಗಳು ನೀರಿಗೆ ಸೇರುತ್ತವೆ. ಅವನ್ನು ಸೈಕ್ಲಾಪ್ಸ್ ನುಂಗುತ್ತದೆ, ಚಕ್ರ ಮತ್ತೆ ಮೊದಲಾಗುತ್ತದೆ.

ಹುಳುವನ್ನು ಒಮ್ಮೆಲೇ ಎಳೆಯುವಂತಿಲ್ಲ. ಸಣ್ಣ ಕಡ್ಡಿಗೆ ಸುತ್ತಿ ದಿನಕ್ಕೆ ಸ್ವಲ್ಪ ಸ್ವಲ್ಪವೇ ಹೊರತೆಗೆಯಬೇಕು. ಇದಕ್ಕೆ ವಾರಗಟ್ಟಲೆ ಹಿಡಿಯುತ್ತದೆ. ನಡುವೆ ತುಂಡಾದರೆ ಬಾವು, ಕೀವು. ಈ ರೋಗದಿಂದ ಸಾಯುವವರು ಕಡಿಮೆ; ಬಿತ್ತನೆ, ಸುಗ್ಗಿಯ ದಿನಗಳಲ್ಲೇ ಹಾಸಿಗೆ ಹಿಡಿಯುವವರು ಬಹಳ. ಒಮ್ಮೆ ಬಂದವರಿಗೆ ಮತ್ತೆ ಬರದೆಂಬ ಭರವಸೆಯೂ ಇಲ್ಲ. ಇದಕ್ಕೆ ಲಸಿಕೆ ಇಲ್ಲ, ಹುಳುವನ್ನು ಕೊಲ್ಲುವ ಔಷಧವೂ ಇಲ್ಲ.

ಹಾಗಾದರೆ ಭಾರತದಿಂದ ಇದು ಹೋದದ್ದು ಹೇಗೆ? 1983-84ರಲ್ಲಿ ರಾಷ್ಟ್ರೀಯ ನಿರ್ಮೂಲನ ಕಾರ್ಯಕ್ರಮ ಆರಂಭವಾಯಿತು. 1984ರಲ್ಲಿ ದೇಶದ 12 ಸಾವಿರಕ್ಕೂ ಹೆಚ್ಚು ಹಳ್ಳಿಗಳಲ್ಲಿ ಸುಮಾರು 40 ಸಾವಿರ ರೋಗಿಗಳಿದ್ದರು. ರಾಜಸ್ಥಾನ, ಮಧ್ಯಪ್ರದೇಶ, ಆಂಧ್ರಪ್ರದೇಶಗಳ ಜೊತೆಗೆ ನಮ್ಮ ಕರ್ನಾಟಕವೂ ಪಟ್ಟಿಯಲ್ಲಿತ್ತು. ಕಾರ್ಯಕರ್ತರು ಮನೆಮನೆಗೆ ಹೋಗಿ ರೋಗಿಗಳನ್ನು ಹುಡುಕಿದರು. ಹುಣ್ಣಿಗೆ ಪಟ್ಟಿ ಕಟ್ಟಿ, ರೋಗಿ ನೀರಿಗಿಳಿಯದಂತೆ ನೋಡಿಕೊಂಡರು. ಸೈಕ್ಲಾಪ್ಸ್ ಸಾಯುವಂತೆ ಬಾವಿಗಳಿಗೆ ಟೆಮಿಫಾಸ್ ಎಂಬ ರಾಸಾಯನಿಕವನ್ನು ಅಳೆದು ಹಾಕಿದರು. ಕೈಪಂಪುಗಳು ಬಂದವು. ಮೆಟ್ಟಿಲು ಬಾವಿಗಳನ್ನು ಸೇದುವ ಬಾವಿಗಳಾಗಿ ಮಾರ್ಪಡಿಸಿದರು. ಎಲ್ಲಕ್ಕಿಂತ ಅಗ್ಗದ ಆಯುಧವೆಂದರೆ ಕೊಡದ ಬಾಯಿಗೆ ಕಟ್ಟುವ ಬಟ್ಟೆ.

ನಾನು ಟೆಲಿವಿಷನ್ ಕಾರ್ಯಕ್ರಮ ತಯಾರಿಸುವವನು. ಇರುವುದನ್ನು ಕ್ಯಾಮೆರಾ ತೋರಿಸಬಲ್ಲದು. ಇಲ್ಲವಾದದ್ದನ್ನು ತೋರಿಸುವುದು ಹೇಗೆ? ಹಳೆಯ ಬಾವಿಯೊಂದರ ಬಳಿ ಚಿತ್ರೀಕರಣಕ್ಕೆ ನಿಂತು ಇದನ್ನೇ ಯೋಚಿಸುತ್ತಿದ್ದಾಗ ಅಲ್ಲಿಗೆ ಬಂದ ಹೆಂಗಸೊಬ್ಬರು ಹೇಳಿದರು: "ನಾ ಸಣ್ಣಾಕಿ ಇದ್ದಾಗ, ಬಟ್ಟಿ ಕಟ್ಟಲಾರದ ಕೊಡಾನ ನಮ್ಮವ್ವ ಒಳಗ ತರಗೊಡ್ತಿದ್ದಿಲ್ಲ." ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿತು. ಹೊಸಿಲಿನಲ್ಲಿ ನಿಂತು ಕೊಡವನ್ನು ತಡೆಯುತ್ತಿದ್ದ ಆ ತಾಯಿಯ ಹೆಸರು ಯಾವ ವರದಿಯಲ್ಲೂ ಇರಲಾರದು. ಆದರೆ ಅಂಥ ತಾಯಂದಿರಿಲ್ಲದೆ ಯಾವ ಸರಕಾರಿ ಯೋಜನೆಯೂ ಗೆಲ್ಲುತ್ತಿರಲಿಲ್ಲ.

ಭಾರತದ ಕೊನೆಯ ರೋಗಿ ಪತ್ತೆಯಾದದ್ದು 1996ರ ಜುಲೈಯಲ್ಲಿ, ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ. ಆದರೆ ವಿಶ್ವ ಆರೋಗ್ಯ ಸಂಸ್ಥೆ ನಮಗೆ ಪ್ರಮಾಣಪತ್ರ ಕೊಟ್ಟದ್ದು 2000ದಲ್ಲಿ. ಏಕಿಷ್ಟು ವಿಳಂಬ? ಹುಳು ಒಂದು ವರ್ಷ ಸದ್ದಿಲ್ಲದೆ ದೇಹದಲ್ಲಿ ಅಡಗಿರುತ್ತದಲ್ಲವೆ? ಈ ತಿಂಗಳು ರೋಗಿಯಿಲ್ಲ ಎಂದರೆ ರೋಗವಿಲ್ಲ ಎಂದರ್ಥವಲ್ಲ. ಆದ್ದರಿಂದ ವರ್ಷಗಟ್ಟಲೆ ಕಾವಲು ಕಾಯಬೇಕಾಯಿತು.

ಜಗತ್ತಿನ ಲೆಕ್ಕ ನೋಡಿ. 1986ರಲ್ಲಿ ಆಫ್ರಿಕ, ಏಷ್ಯಗಳಲ್ಲಿ ವರ್ಷಕ್ಕೆ ಸುಮಾರು 35 ಲಕ್ಷ ರೋಗಿಗಳು. 2024ರಲ್ಲಿ ಕೇವಲ 15. ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಈ ಕೆಲಸಕ್ಕಾಗಿ 1995ರಲ್ಲಿ ಸುಡಾನಿನ ಅಂತರ್ಯುದ್ಧದಲ್ಲೇ ಕದನವಿರಾಮ ಮಾಡಿಸಿದ್ದರು. ಆದರೂ ಕೆಲಸ ಮುಗಿದಿಲ್ಲ. ಆಫ್ರಿಕದ ಚಾಡ್ ದೇಶದಲ್ಲಿ ಈ ಹುಳು ನಾಯಿಗಳಲ್ಲೂ ನೆಲೆಸಿರುವುದು 2012ರಿಂದ ಕಂಡುಬಂತು. ಈಗ ಅಲ್ಲಿನ ಜನ ನಾಯಿಗಳನ್ನು ಕಟ್ಟಿಹಾಕಬೇಕು, ಮೀನಿನ ಕರುಳನ್ನು ನಾಯಿಗಳಿಗೆ ಸಿಗದಂತೆ ಹೂಳಬೇಕು. ಕೊನೆಯ ಹತ್ತು ರೋಗಿಗಳನ್ನು ಹುಡುಕುವುದು ಮೊದಲ ಹತ್ತು ಸಾವಿರಕ್ಕಿಂತ ಕಷ್ಟ.

ಇಲ್ಲೊಂದು ಎಚ್ಚರಿಕೆ. ಬಟ್ಟೆಯಲ್ಲಿ ಸೋಸಿದ ನೀರೆಲ್ಲ ಶುದ್ಧವೆಂದು ತಿಳಿಯಬೇಡಿ. ಸೈಕ್ಲಾಪ್ಸ್ ಸುಮಾರು ಒಂದು ಮಿಲಿಮೀಟರ್ ಇರುವುದರಿಂದ ಬಟ್ಟೆಯಲ್ಲಿ ಸಿಕ್ಕಿಬೀಳುತ್ತದೆ. ಆಮಶಂಕೆ ತರುವ ಅಮೀಬಾದ ಕೋಶ ಅದಕ್ಕಿಂತ ಹತ್ತಾರು ಪಟ್ಟು ಚಿಕ್ಕದು. ಬಟ್ಟೆಯ ಎಳೆಗಳ ನಡುವೆ ಸಲೀಸಾಗಿ ನುಸುಳುತ್ತದೆ. ಅದಕ್ಕೆ ನೀರನ್ನು ಕುದಿಸಲೇಬೇಕು. ಆಫ್ರಿಕದಲ್ಲಿ ಹೆಚ್ಚಾಗಿರುವ ಶಿಸ್ಟೊಸೋಮ ಹುಳುವಂತೂ ನೀರಿಗಿಳಿದವರ ಚರ್ಮವನ್ನೇ ಕೊರೆದು ಒಳಸೇರುತ್ತದೆ. ಕುಡಿಯುವ ನೀರನ್ನು ಸೋಸಿದರೂ ಕುದಿಸಿದರೂ ಸ್ನಾನಕ್ಕೆ ಇಳಿದವನಿಗೆ ರಕ್ಷಣೆಯಿಲ್ಲ. ಒಂದೊಂದು ಪರೋಪಜೀವಿಯ ಬಾಳಿನ ಸರಪಳಿಯಲ್ಲೂ ದುರ್ಬಲವಾದ ಕೊಂಡಿಯೊಂದು ಇರುತ್ತದೆ. ಅದು ಯಾವುದೆಂದು ಕಂಡುಹಿಡಿಯುವುದು ವಿಜ್ಞಾನದ ಕೆಲಸ. ದಿನವೂ ಬೇಸರಿಸದೆ ಅದನ್ನು ಕತ್ತರಿಸುವುದು ನಮ್ಮ ನಿಮ್ಮೆಲ್ಲರ ಕೆಲಸ.

ನಿಮ್ಮ ಜೀವಶಾಸ್ತ್ರದ ಪುಸ್ತಕದಲ್ಲಿ ಇಂಥ ಜೀವನಚಕ್ರಗಳ ಚಿತ್ರಗಳಿವೆ. ಪರೀಕ್ಷೆಗಾಗಿ ಅವನ್ನು ಬರೆದು ಭಾಗಗಳನ್ನು ಗುರುತಿಸುತ್ತೀರಿ. ಮುಂದಿನ ಸಲ ಬರೆಯುವಾಗ ಇನ್ನೊಂದು ಗುರುತನ್ನೂ ಹಾಕಿ: ಈ ಚಕ್ರವನ್ನು ನಮ್ಮ ಮನೆಯಲ್ಲಿ ಎಲ್ಲಿ ತಡೆಯಬಹುದು? ಅಂಕ ಸಿಗುತ್ತದೋ ಇಲ್ಲವೋ, ಆ ಗುರುತು ಹಾಕಲು ಕಲಿತವರಿಂದಲೇ ನಾರುಹುಣ್ಣು ನಮ್ಮ ನಾಡಿನಿಂದ ಹೋಯಿತು.